ನಡುರಾತ್ರಿ ಬಾಗಿಲು ಬಡಿದ ಪೊಲೀಸರು: ಖರಕ್ ಸಿಂಗ್ ಪ್ರಕರಣ

1941ರಲ್ಲಿ ಖರಕ್ ಸಿಂಗ್ ಎಂಬಾತನ ಮೇಲೆ ಡಕಾಯಿತಿ ಕೇಸು ಬಿತ್ತು. ಊರು ಈಗಿನ ಉತ್ತರ ಪ್ರದೇಶದ್ದು. ಸಾಕ್ಷ್ಯ ಏನೂ ಇರಲಿಲ್ಲ. ಹಾಗಾಗಿ ಹಳೆಯ ಸಿಆರ್‌ಪಿಸಿಯ, ಅಂದರೆ ಅಪರಾಧದ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಎಂದು ಹೇಳುವ ಕಾನೂನಿನ, 169ನೇ ಸೆಕ್ಷನ್ ಪ್ರಕಾರ ಅವನನ್ನು ಬಿಟ್ಟು ಕಳಿಸಿದರು. ಶಿಕ್ಷೆಯ ಮಾತೇ ಇಲ್ಲ. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. ಅದೇ ಆರೋಪವನ್ನು ಇಟ್ಟುಕೊಂಡು ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್, ಅಂದರೆ ನಿಗಾ ಇಟ್ಟವನ ವಿವರ ಬರೆದಿಡುವ ಠಾಣೆಯ ದಾಖಲೆ, ತೆರೆದರು. ಅಲ್ಲಿಂದ ಮುಂದೆ ಅವನ ಮೇಲೆ ಕಣ್ಣಿಡುವುದು ಠಾಣೆಯ ದಿನನಿತ್ಯದ ಕೆಲಸವಾಯಿತು. ಅವನು ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಬರೆದದ್ದು ಇಷ್ಟು. ಊರಿನ ಚೌಕೀದಾರ, ಕೆಲವು ಸಲ ಪೇದೆಗಳು, ರಾತ್ರಿ ಹೊತ್ತು ಮನೆಗೆ ಬರುತ್ತಾರೆ. ಬಾಗಿಲು ಬಡಿದು ಕೂಗುತ್ತಾರೆ. ನಿದ್ದೆಯಿಂದ ಎಬ್ಬಿಸುತ್ತಾರೆ. ಎಷ್ಟೋ ಸಲ ಹಾಸಿಗೆಯಿಂದ ಎಬ್ಬಿಸಿ ಠಾಣೆಗೆ ಕರೆದುಕೊಂಡು ಹೋಗಿದ್ದಾರೆ. ಪಕ್ಕದ ಊರಿಗೆ ಹೋಗಬೇಕಾದರೂ ಎಲ್ಲಿಗೆ, ಯಾವಾಗ ವಾಪಸ್ಸು ಅಂತ ಹೇಳಿ ಹೋಗಬೇಕು. ಹೋದ ಊರಿನ ಠಾಣೆಗೂ ಸುದ್ದಿ ಮುಟ್ಟುತ್ತದೆ. ಅಲ್ಲಿಯೂ ಇದೇ ಕಾಟ ಶುರುವಾಗುತ್ತದೆ.

ಇದರಲ್ಲಿ ಕೆಲವನ್ನು ಸರ್ಕಾರ ಅಲ್ಲಗಳೆಯಿತು. ನಾವು ಮಾಡಿದ್ದು ನಮ್ಮ ನಿಯಮದಲ್ಲಿ ಇರುವಷ್ಟೇ ಎಂದಿತು. ಆ ಒಂದು ಮಾತೇ ಇಡೀ ಕೇಸಿನ ಗಂಟು. ಪೊಲೀಸರ ನಿಯಮದಲ್ಲಿ ಇದೆ ಅಂದ ಮಾತ್ರಕ್ಕೆ ಅವರು ನಿಮ್ಮ ಮನೆಯ ಹೊಸ್ತಿಲು ದಾಟಬಹುದಾ?

ವಾರಂಟ್ ಇಲ್ಲದೆ ಪೊಲೀಸರು ಮನೆಗೆ ಬರಬಹುದೇ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎರಡು ಥರದ ಉತ್ತರ ಬರುತ್ತದೆ. ಒಂದು, ವಾರಂಟ್ ಇಲ್ಲದೆ ಕಾಲೇ ಇಡುವಂತಿಲ್ಲ ಎನ್ನುವುದು. ಇನ್ನೊಂದು, ಪೊಲೀಸರು ಬಂದರೆ ಯಾರು ತಡೆಯೋಕಾಗುತ್ತೆ ಎನ್ನುವುದು. ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಖರಕ್ ಸಿಂಗ್ ಕೇಸಿನಷ್ಟು ಒಳ್ಳೆಯ ದಾರಿ ನನಗೆ ಕಂಡಿಲ್ಲ. ಈ ಕೇಸಿನಲ್ಲಿ ಅವನು ಅರ್ಧ ಗೆದ್ದ, ಅರ್ಧ ಸೋತ. ಸೋತ ಅರ್ಧವನ್ನು ಸರಿಮಾಡಲು 54 ವರ್ಷ ಬೇಕಾಯಿತು. ಅದನ್ನು ಸರಿಮಾಡಿಸಿದ್ದು ಬೆಂಗಳೂರಿನ ಒಬ್ಬ ಹಿರಿಯರ ಅರ್ಜಿ.

ನಿಯಮದ ಪುಸ್ತಕದಲ್ಲಿ ಏನಿತ್ತು

ಉತ್ತರ ಪ್ರದೇಶ ಪೊಲೀಸ್ ರೆಗ್ಯುಲೇಷನ್ಸ್ ಎಂಬ ಪುಸ್ತಕದ 20ನೇ ಅಧ್ಯಾಯ ಇಂಥ ನಿಗಾ ಬಗ್ಗೆ ಇತ್ತು. 228ನೇ ನಿಯಮದ ಪ್ರಕಾರ ಹಿಸ್ಟರಿ ಶೀಟ್ ತೆರೆಯಬೇಕಾದ್ದು ರೂಢಿಗತ ಅಪರಾಧಿಗಳಿಗೆ, ಅಥವಾ ಹಾಗೆ ಆಗುವ ಸಂಭವ ಇರುವವರಿಗೆ, ಅವರಿಗೆ ನೆರವಾಗುವವರಿಗೆ. ಈ 'ಸಂಭವ ಇರುವವರು' ಅನ್ನುವ ಮಾತು ಎಷ್ಟು ಅಗಲ ನೋಡಿ. ಕೋರ್ಟಿನಲ್ಲಿ ಅಪರಾಧ ಸಾಬೀತಾಗಬೇಕಿಲ್ಲ. ಠಾಣೆಯವರಿಗೆ ಹಾಗನ್ನಿಸಿದರೆ ಸಾಕು. ಡಕಾಯಿತರು, ಕನ್ನಗಳ್ಳರು, ದನಗಳ್ಳರು, ರೈಲು ವ್ಯಾಗನ್ ದೋಚುವವರು 'ಎ' ವರ್ಗ. ಖರಕ್ ಸಿಂಗ್ ಹೆಸರು ಅದರಲ್ಲಿ ಸೇರಿತ್ತು.

ನಿಗಾ ಅಂದರೆ ಏನೇನು ಮಾಡಬಹುದು ಎಂದು 236ನೇ ನಿಯಮ ಹೇಳುತ್ತಿತ್ತು. ಮನೆಯ ಸುತ್ತ, ಮನೆಗೆ ಹೋಗುವ ದಾರಿಯಲ್ಲಿ ಗುಟ್ಟಾಗಿ ಕಾವಲು. ರಾತ್ರಿ ಹೊತ್ತು ಮನೆಗೆ ಭೇಟಿ. ಅವನ ಅಭ್ಯಾಸ, ಸಂಪಾದನೆ, ಸಹವಾಸ, ಕಸುಬಿನ ಬಗ್ಗೆ ಆಗಾಗ ವಿಚಾರಣೆ. ಊರು ಬಿಟ್ಟು ಹೋದರೆ, ಮನೆಯಲ್ಲಿ ಇಲ್ಲದಿದ್ದರೆ ಅದರ ವರದಿ. ಹೋದ ಕಡೆ ಚೀಟಿ ಕಳಿಸಿ ತಾಳೆ ನೋಡುವುದು. ಕೊನೆಗೆ ಇವೆಲ್ಲವನ್ನೂ ಶೀಟಿನಲ್ಲಿ ಬರೆದಿಡುವುದು.

ಇದರಲ್ಲಿ ರಾತ್ರಿ ಭೇಟಿಯೇ ಜಾಸ್ತಿ ಚುಚ್ಚುವಂಥದ್ದು. ಅದಕ್ಕೆ ಕೇಸು ಬೇಕಿಲ್ಲ, ದೂರು ಬೇಕಿಲ್ಲ, ಹುಡುಕುವ ವಸ್ತು ಬೇಕಿಲ್ಲ. ಅವನು ಮನೆಯಲ್ಲಿ ಇದ್ದಾನೋ ಇಲ್ಲವೋ ನೋಡುವುದೇ ಉದ್ದೇಶ. ಮನೆಯಲ್ಲಿ ಅವನೊಬ್ಬನೇ ಮಲಗಿರುವುದಿಲ್ಲ ಎನ್ನುವುದನ್ನು ಈ ನಿಯಮ ಬರೆದವರು ಯೋಚಿಸಿದ ಹಾಗೆ ಕಾಣುವುದಿಲ್ಲ. ನಡುರಾತ್ರಿ ಬಾಗಿಲು ಬಡಿದರೆ ಹೆಂಡತಿ ಏಳುತ್ತಾಳೆ, ಮಕ್ಕಳು ಏಳುತ್ತವೆ, ವಯಸ್ಸಾದವರ ಎದೆ ಹೊಡೆದುಕೊಳ್ಳುತ್ತದೆ. ಬೆಳಗಾದರೆ ಅಕ್ಕಪಕ್ಕದವರ ಬಾಯಲ್ಲಿ ಅದೇ ಮಾತು. ಶಿಕ್ಷೆಯೇ ಆಗದ ಒಬ್ಬನ ಇಡೀ ಸಂಸಾರ ಹೀಗೆ ಶಿಕ್ಷೆ ಅನುಭವಿಸುತ್ತದೆ.

ಆರು ನ್ಯಾಯಮೂರ್ತಿಗಳು, ಎರಡು ದಾರಿ

ಖರಕ್ ಸಿಂಗ್ ಸಂವಿಧಾನದ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋದ. ಈ ನಿಯಮಗಳು ತನ್ನ ಮೂಲಭೂತ ಹಕ್ಕನ್ನು ಕಸಿಯುತ್ತಿವೆ ಎಂಬುದು ಅವನ ವಾದ. ಅವನು ಹಿಡಿದದ್ದು ಎರಡು ವಿಧಿಗಳನ್ನು. ಒಂದು, ದೇಶದಲ್ಲಿ ಎಲ್ಲೆಡೆ ಮುಕ್ತವಾಗಿ ಓಡಾಡುವ ಹಕ್ಕು, ಅಂದರೆ 19ನೇ ವಿಧಿ. ಇನ್ನೊಂದು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಪಾಡುವ 21ನೇ ವಿಧಿ. ಆರು ಜನರ ಪೀಠ ಕೇಸು ಕೇಳಿತು. ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ, ಎಸ್.ಜೆ. ಇಮಾಮ್, ಕೆ. ಸುಬ್ಬ ರಾವ್, ಜೆ.ಸಿ. ಷಾ, ಜೆ.ಆರ್. ಮುಧೋಳ್ಕರ್ ಮತ್ತು ಎನ್. ರಾಜಗೋಪಾಲ ಅಯ್ಯಂಗಾರ್. 1962ರ ಡಿಸೆಂಬರ್ 18ರಂದು ತೀರ್ಪು ಬಂತು. ಬಹುಮತದ ತೀರ್ಪು ಬರೆದವರು ಅಯ್ಯಂಗಾರ್.

ಮೊದಲು ಅವರು ನೋಡಿದ್ದು ನಿಯಮದ ಬೇರು ಎಲ್ಲಿದೆ ಎಂದು. ಪೊಲೀಸ್ ಕಾಯ್ದೆಯಲ್ಲಾಗಲಿ, ಬೇರೆ ಯಾವ ಕಾಯ್ದೆಯಲ್ಲಾಗಲಿ ಈ ಅಧ್ಯಾಯಕ್ಕೆ ಆಧಾರ ಸಿಗಲಿಲ್ಲ. ಇವು ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟ ಸೂಚನೆಗಳು ಅಷ್ಟೇ. ಶಾಸನಸಭೆ ಮಾಡಿದ ಕಾನೂನಲ್ಲ. ಕಾನೂನು ರೂಪಿಸಿದ ವಿಧಾನದ ಮೂಲಕ ಮಾತ್ರ ಒಬ್ಬನ ಸ್ವಾತಂತ್ರ್ಯ ಕಸಿಯಬಹುದು ಎಂದು 21ನೇ ವಿಧಿ ಹೇಳುತ್ತದೆ. ಹಾಗಿದ್ದ ಮೇಲೆ ಸಾರ್ವಜನಿಕ ಹಿತಕ್ಕಾಗಿ ಹಾಕಿದ ನ್ಯಾಯವಾದ ನಿರ್ಬಂಧ ಇದು ಎಂಬ ಸರ್ಕಾರದ ವಾದ ನಿಲ್ಲಲೇ ಇಲ್ಲ. ನಿರ್ಬಂಧ ಎಷ್ಟೇ ಒಳ್ಳೆಯದಿರಲಿ, ಅದನ್ನು ಹಾಕುವುದಕ್ಕೆ ಮೊದಲು ಕಾನೂನು ಇರಬೇಕು.

ಆಮೇಲೆ ಉಳಿದದ್ದು ಒಂದೇ ಪ್ರಶ್ನೆ. ಇವುಗಳಿಂದ ಹಕ್ಕಿಗೆ ಧಕ್ಕೆ ಆಗುತ್ತದೆಯೇ? ರಾತ್ರಿ ಭೇಟಿಯ ವಿಷಯದಲ್ಲಿ ಬಹುಮತದ ಉತ್ತರ, ಆಗುತ್ತದೆ. ವೈಯಕ್ತಿಕ ಸ್ವಾತಂತ್ರ್ಯ ಅಂದರೆ ಬರೀ ಜೈಲಿನಿಂದ ಹೊರಗಿರುವುದಲ್ಲ. ಮನುಷ್ಯನ ಬದುಕು ಪ್ರಾಣಿಯ ಬದುಕಿನಂತೆ ಬರೀ ಉಸಿರಾಡುವುದಲ್ಲ. ನೆಮ್ಮದಿಯ ನಿದ್ದೆ ಮನುಷ್ಯನಿಗೆ ಬೇಕೇ ಬೇಕು. ಸಂವಿಧಾನದ ಪೀಠಿಕೆ ವ್ಯಕ್ತಿಯ ಘನತೆಯ ಮಾತಾಡುತ್ತದೆ. ಅಂಥ ಸಂವಿಧಾನದ ಕೆಳಗೆ ಪೊಲೀಸರು ಬರೀ ತಮ್ಮ ಅಧಿಕಾರದ ಮೇಲೆ ಮನೆಯ ಒಳಗೆ ನುಗ್ಗುವುದು ಸಲ್ಲದು.

ಇಲ್ಲಿ ಅಯ್ಯಂಗಾರ್ ಇಂಗ್ಲೆಂಡಿನ 1604ರ ಒಂದು ಹಳೆಯ ತೀರ್ಪನ್ನು ನೆನೆಯುತ್ತಾರೆ. ಸೆಮೇನ್ ಪ್ರಕರಣ ಎಂದು ಅದರ ಹೆಸರು. ಲಂಡನ್ನಿನಲ್ಲಿ ಸಾಲ ಮಾಡಿ ಸತ್ತವನೊಬ್ಬನ ಸಾಮಾನು ಜಪ್ತಿ ಮಾಡಲು ಷೆರೀಫ್ (ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ) ಬಂದಾಗ, ಅದೇ ಮನೆಯಲ್ಲಿದ್ದ ಇನ್ನೊಬ್ಬ ಬಾಗಿಲು ಹಾಕಿಕೊಂಡ. ಪ್ರತಿಯೊಬ್ಬನ ಮನೆಯೂ ಅವನ ಕೋಟೆ ಎಂಬ ಮಾತು ಬಂದದ್ದು ಆ ತೀರ್ಪಿನಿಂದ. ಆದರೆ ಆ ತೀರ್ಪಿನ ಇನ್ನೊಂದು ಅರ್ಧವನ್ನು ಜನ ಮರೆಯುತ್ತಾರೆ. ಅಪರಾಧದ ವಿಷಯದಲ್ಲಿ ಷೆರೀಫ್ ಒಳಗೆ ಹೋಗಬಹುದು, ಬೇಕಾದರೆ ಬಾಗಿಲು ಮುರಿಯಲೂಬಹುದು. ಆದರೆ ಮೊದಲು ತಾನು ಯಾಕೆ ಬಂದೆ ಎಂದು ಹೇಳಬೇಕು, ಬಾಗಿಲು ತೆರೆಯಿರಿ ಎಂದು ಕೇಳಬೇಕು. ನಮ್ಮ ಇಂದಿನ ಕಾನೂನಿನಲ್ಲೂ ಇದೇ ಕ್ರಮ ಇದೆ. ಮುಂದೆ ಹೇಳುತ್ತೇನೆ.

ಹೀಗೆ 236ನೇ ನಿಯಮದ ರಾತ್ರಿ ಭೇಟಿಯ ಭಾಗ ರದ್ದಾಯಿತು. ಖರಕ್ ಸಿಂಗ್ ಗೆದ್ದದ್ದು ಇಲ್ಲಿ.

ಸೋತದ್ದು ಉಳಿದ ಭಾಗದಲ್ಲಿ. ಮನೆಯ ಹೊರಗಿನ ಗುಟ್ಟಿನ ಕಾವಲು, ಓಡಾಟದ ವರದಿ, ವಿಚಾರಣೆ, ಇವು ಯಾವುವೂ ಅವನನ್ನು ದೈಹಿಕವಾಗಿ ತಡೆಯುವುದಿಲ್ಲ ಎಂದು ಬಹುಮತ ಹೇಳಿತು. ಯಾರೋ ಗಮನಿಸುತ್ತಿದ್ದಾರೆ ಎಂಬ ಮುಜುಗರ ಇರಬಹುದು, ಆದರೆ ಕಾಲು ಕಟ್ಟಿಲ್ಲವಲ್ಲ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಖಾಸಗಿತನದ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿಲ್ಲ ಎಂದು ಬರೆಯಿತು.

ಈ ತೀರ್ಪನ್ನು ಓದುವಾಗ ನನಗೆ ಅರಗದೇ ಇರುವುದು ಇದೇ. ಖಾಸಗಿತನ ಹಕ್ಕೇ ಅಲ್ಲ ಅಂದರೆ, ರಾತ್ರಿ ಭೇಟಿ ಯಾಕೆ ತಪ್ಪು? ಬಾಗಿಲು ಬಡಿದ ಪೇದೆ ಅವನನ್ನು ಕಟ್ಟಿ ಹಾಕಲಿಲ್ಲ. ಅವನ ಆಸ್ತಿ ಕಸಿಯಲಿಲ್ಲ. ಅವನು ಕೆಡಿಸಿದ್ದು ಮನೆಯೊಳಗಿನ ನೆಮ್ಮದಿಯನ್ನು. ಅದು ಖಾಸಗಿತನ ಅಲ್ಲದೆ ಮತ್ತೇನು? ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಇಲ್ಲ ಎಂದ ಹಾಗಾಯಿತು.

ನ್ಯಾಯಮೂರ್ತಿ ಸುಬ್ಬ ರಾವ್ ಇದನ್ನು ಆಗಲೇ ಕಂಡಿದ್ದರು. ಷಾ ಅವರ ಜೊತೆ ಸೇರಿ ಬೇರೆ ತೀರ್ಪು ಬರೆದರು. ಇಡೀ 236ನೇ ನಿಯಮವೇ ಸಂವಿಧಾನಕ್ಕೆ ವಿರುದ್ಧ ಎಂದರು. ಸಂವಿಧಾನ ಖಾಸಗಿತನ ಎಂಬ ಪದ ಬಳಸದಿದ್ದರೂ ಅದು ವೈಯಕ್ತಿಕ ಸ್ವಾತಂತ್ರ್ಯದ ಜೀವಾಳ ಎಂದರು. ಪೊಲೀಸರ ಕಣ್ಣು ಸದಾ ಬೆನ್ನಿಗಿದ್ದರೆ ಮನುಷ್ಯ ನಡೆಯುತ್ತಾನೆ, ಆದರೆ ಮುಕ್ತವಾಗಿ ಅಲ್ಲ. ಯಾರ ಮನೆಗೆ ಹೋಗಲಿ, ಯಾರ ಹತ್ತಿರ ಮಾತಾಡಲಿ ಎಂದು ಅಳುಕುತ್ತಾನೆ. ಅಂಥವನಿಗೆ ಇಡೀ ದೇಶವೇ ಸೆರೆಮನೆ ಎಂದು ಅವರು ಬರೆದರು. 1962ರಲ್ಲಿ ಬರೆದ ಆ ಮಾತು ಫೋನು, ಕ್ಯಾಮೆರಾ ಎಲ್ಲ ಬಂದಿರುವ ಈ ಕಾಲಕ್ಕೆ ಇನ್ನೂ ಜಾಸ್ತಿ ಹೊಂದುತ್ತದೆ. ಆದರೆ ಆರರಲ್ಲಿ ಇಬ್ಬರ ಮಾತು ಅಂದು ನಡೆಯಲಿಲ್ಲ.

ಗೆದ್ದ ಅರ್ಧವೂ ಎಷ್ಟು ತೆಳುವಾಗಿತ್ತು

ಬಹುಮತದ ತೀರ್ಪಿನಲ್ಲಿ ಒಂದು ಬಿರುಕು ಇತ್ತು. ರಾತ್ರಿ ಭೇಟಿ ರದ್ದಾದದ್ದು ಅದಕ್ಕೆ ಕಾನೂನಿನ ಆಧಾರ ಇಲ್ಲ ಎಂಬ ಕಾರಣಕ್ಕೆ. ಹಾಗಾದರೆ ಆಧಾರ ಕೊಟ್ಟುಬಿಟ್ಟರೆ?

1975ರಲ್ಲಿ ಅದೇ ಆಯಿತು. ಗೋವಿಂದ್ ಎಂಬಾತ ಮಧ್ಯಪ್ರದೇಶ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಬಂದ. ದೂರು ಹೆಚ್ಚುಕಡಿಮೆ ಖರಕ್ ಸಿಂಗ್‌ನದ್ದೇ. ಹಿಸ್ಟರಿ ಶೀಟ್, ಹಗಲೂ ರಾತ್ರಿ ಮನೆಗೆ ಭೇಟಿ, ಗುಟ್ಟಿನ ಕಾವಲು. ಆದರೆ ಮಧ್ಯಪ್ರದೇಶದ 855 ಮತ್ತು 856ನೇ ನಿಯಮಗಳಿಗೆ 1861ರ ಪೊಲೀಸ್ ಕಾಯ್ದೆಯ 46ನೇ ಸೆಕ್ಷನ್ನಿನ ಬೆಂಬಲ ಇದೆ ಎಂದು ಕೋರ್ಟ್ ಒಪ್ಪಿತು. ಅಂದರೆ ಕಾನೂನಿನ ಬಲ ಸಿಕ್ಕಿತು. ನಿಯಮಗಳು ಉಳಿದುಕೊಂಡವು. ಬಾಗಿಲು ಬಡಿಯುವುದು ಅದೇ, ಎಚ್ಚರವಾಗುವ ಮಕ್ಕಳು ಅದೇ, ಒಂದು ರಾಜ್ಯದಲ್ಲಿ ತಪ್ಪು, ಇನ್ನೊಂದರಲ್ಲಿ ಸರಿ.

ಆದರೂ ತೀರ್ಪು ಬರೆದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರಿಗೆ ಸಮಾಧಾನ ಇರಲಿಲ್ಲ ಎನ್ನುವುದು ಓದಿದರೆ ಗೊತ್ತಾಗುತ್ತದೆ. ಖಾಸಗಿತನ ಒಂದು ಹಕ್ಕು ಇರಬಹುದು ಎಂಬ ಬಾಗಿಲನ್ನು ಅವರು ತೆರೆದಿಟ್ಟರು. ಮನೆಗೆ ಭೇಟಿ ಕೊಡುವುದು ಸಮಾಜಕ್ಕೆ ನಿಜವಾದ ಅಪಾಯ ಇರುವಲ್ಲಿ ಮಾತ್ರ ಇರಬೇಕು, ಶಿಕ್ಷೆ ಮುಗಿಸಿ ಹೊರಬಂದವರನ್ನೆಲ್ಲ ಸುಮ್ನೆ ಕಾಡುವುದಕ್ಕಲ್ಲ ಎಂದರು. ಇಂಥ ಹಳೆಯ ನಿಯಮಗಳು ಅಸಾಂವಿಧಾನಿಕತೆಯ ಅಂಚಿನಲ್ಲಿವೆ, ಸರ್ಕಾರ ಇವನ್ನು ತಿದ್ದುವುದು ಒಳ್ಳೆಯದು ಎಂದು ಎಚ್ಚರಿಸಿದರು.

ಇನ್ನು ನಮ್ಮ ಊರಿನ ಕೊಂಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಆಗ ಅವರು ಎಂಬತ್ತು ದಾಟಿದವರು. ಬೆರಳಚ್ಚು, ಕಣ್ಣಿನ ಗುರುತು ಕೊಡಲೇಬೇಕು ಎನ್ನುವುದು ಖಾಸಗಿತನಕ್ಕೆ ಧಕ್ಕೆ ಎಂಬುದು ವಾದದ ಒಂದು ಮುಖ್ಯ ಭಾಗ. 2015ರಲ್ಲಿ ಕೇಂದ್ರ ಸರ್ಕಾರ ಎದ್ದು ನಿಂತು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲವಲ್ಲ ಎಂದಿತು. ಅದಕ್ಕೆ ತೋರಿಸಿದ್ದು ಎರಡು ತೀರ್ಪು. ಒಂದು 1954ರ ಎಂ.ಪಿ. ಶರ್ಮಾ ಪ್ರಕರಣ, ಎಂಟು ಜನರ ಪೀಠದ್ದು. ಇನ್ನೊಂದು ಖರಕ್ ಸಿಂಗ್. ಕುತ್ತಿಗೆಗೆ ಬಂದ ಪೊಲೀಸ್ ಕಾಟದಿಂದ ಬಿಡಿಸಿಕೊಳ್ಳಲು ಕೋರ್ಟಿಗೆ ಹೋದವನ ಹೆಸರನ್ನೇ ಹಿಡಿದು, ಇಡೀ ದೇಶದ ಜನರಿಗೆ ಆ ಹಕ್ಕು ಇಲ್ಲ ಎಂದು ವಾದಿಸಿದರು. ನನಗೆ ಈ ಪ್ರಕರಣದಲ್ಲಿ ಬಹಳ ನೋವಾಗುವ ಭಾಗ ಇದು.

ಎಂಟು ಜನರ ಪೀಠದ ಮಾತನ್ನು ಮೀರಲು ಒಂಬತ್ತು ಜನರ ಪೀಠ ಬೇಕಾಯಿತು. ಆ ಒಂಬತ್ತರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಒಬ್ಬರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು. ಖಾಸಗಿತನ ಮೂಲಭೂತ ಹಕ್ಕು. ಖರಕ್ ಸಿಂಗ್ ತೀರ್ಪಿನಲ್ಲಿ ರಾತ್ರಿ ಭೇಟಿ ರದ್ದು ಮಾಡಿದ ಭಾಗ ಸರಿ, ಖಾಸಗಿತನ ಇಲ್ಲ ಎಂದ ಭಾಗ ತಪ್ಪು. ಒಂದೇ ತೀರ್ಪಿನೊಳಗೆ ಈ ಎರಡು ಮಾತು ಹೊಂದುವುದಿಲ್ಲ ಎಂಬುದನ್ನೂ ತೋರಿಸಿದರು. ಸುಬ್ಬ ರಾವ್ ಅವರ ಭಿನ್ನಮತವೇ ಸರಿ ಎಂದಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದರಿಂದ ಪೊಲೀಸರ ಭೇಟಿಯ ಲೆಕ್ಕ ಹೇಗೆ ಬದಲಾಯಿತು? ಮೊದಲು, ಕಾನೂನು ಇದೆಯಾ ಎಂದು ಕೇಳಿದರೆ ಸಾಕಿತ್ತು. ಈಗ ಅಷ್ಟು ಸಾಲದು. ಕಾನೂನು ಇರಬೇಕು, ಅದಕ್ಕೆ ಒಪ್ಪುವ ಉದ್ದೇಶ ಇರಬೇಕು, ಮತ್ತು ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಒಳನುಗ್ಗಬೇಕು. ಗೋವಿಂದ್ ಕೇಸಿನ ಥರ ಹಳೆಯ ಕಾಯ್ದೆಯ ಒಂದು ಸೆಕ್ಷನ್ ತೋರಿಸಿ ಪಾರಾಗುವುದು ಈಗ ಸುಲಭ ಅಲ್ಲ.

ಹಾಗಾದರೆ ವಾರಂಟ್ ಇಲ್ಲದೆ ಯಾವಾಗ ಬರಬಹುದು

ಬರಬಹುದಾದ ಸಂದರ್ಭಗಳು ಖಂಡಿತ ಇವೆ. ಇರಲೂಬೇಕು. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ ನಂಬರುಗಳು ಬದಲಾಗಿವೆ, ಹುರುಳು ಬಹುಪಾಲು ಹಳೆಯದೇ.

ಮೊದಲನೆಯದು ಬಂಧನ. ಕೊಲೆ, ದರೋಡೆಯಂಥ ಅಪರಾಧಗಳಲ್ಲಿ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ 35ನೇ ಸೆಕ್ಷನ್ನಿನಲ್ಲಿ ಪೊಲೀಸರಿಗೆ ಇದೆ. ಹಾಗೆ ಬಂಧಿಸಬಹುದಾದ ವ್ಯಕ್ತಿ ಒಂದು ಮನೆಯಲ್ಲಿ ಇದ್ದಾನೆ ಎಂದು ನಂಬಲು ಕಾರಣ ಇದ್ದರೆ 44ನೇ ಸೆಕ್ಷನ್ ಪ್ರಕಾರ ಅವರು ಒಳಗೆ ಹೋಗಬಹುದು. ಮನೆಯವರು ಬಿಡಬೇಕು. ಬಿಡದಿದ್ದರೆ, ನಾವು ಯಾರು, ಯಾಕೆ ಬಂದಿದ್ದೇವೆ ಎಂದು ಹೇಳಿ, ಬಾಗಿಲು ತೆರೆಯಿರಿ ಎಂದು ಕೇಳಿ, ಆಮೇಲೂ ತೆರೆಯದಿದ್ದರೆ ಮುರಿಯಬಹುದು. 1604ರ ಲಂಡನ್ ತೀರ್ಪಿನ ಕ್ರಮ ಇಲ್ಲಿ ಕಾಣಿಸಿತಲ್ಲ? ಒಳಗೆ ಹೊರಗಿನವರ ಮುಂದೆ ಬಾರದ ಹೆಂಗಸರು ಇದ್ದರೆ, ಅವರು ಹೊರಗೆ ಹೋಗಬಹುದು ಎಂದು ಹೇಳಿ ಅದಕ್ಕೆ ಅನುಕೂಲ ಮಾಡಿಕೊಡಬೇಕು. ಹೆಂಗಸರನ್ನೇ ಬಂಧಿಸುವುದಾದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿ ಬರಹದಲ್ಲಿ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು.

ಎರಡನೆಯದು ಶೋಧ. ಜನರಿಗೆ ಹೆಚ್ಚು ಗೊಂದಲ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಸಾಮಾನ್ಯವಾಗಿ ಮನೆ ಶೋಧಿಸಲು ಕೋರ್ಟಿನ ವಾರಂಟ್ ಬೇಕು, ಅದು 96ನೇ ಸೆಕ್ಷನ್. ಆದರೆ ತನಿಖೆ ನಡೆಯುತ್ತಿರುವಾಗ, ಆ ತನಿಖೆಗೆ ಬೇಕಾದ ವಸ್ತು ಒಂದು ಮನೆಯಲ್ಲಿದೆ, ವಾರಂಟಿಗೆ ಕಾದರೆ ತಡವಾಗಿ ಅದು ಕೈ ತಪ್ಪುತ್ತದೆ ಎಂದು ನಂಬಲು ಕಾರಣ ಇದ್ದರೆ, 185ನೇ ಸೆಕ್ಷನ್ ಪ್ರಕಾರ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರಂಟ್ ಇಲ್ಲದೆ ಶೋಧಿಸಬಹುದು. ಹಳೆಯ ಸಿಆರ್‌ಪಿಸಿಯಲ್ಲಿ ಇದು 165.

ಈ ಅಧಿಕಾರ ದೊಡ್ಡದು, ಅದಕ್ಕೇ ಅದರ ಸುತ್ತ ಬೇಲಿ ಹಾಕಿದ್ದಾರೆ. ಒಂದು ಕೇಸು ಇರಬೇಕು, ಅದರ ತನಿಖೆ ನಡೆಯುತ್ತಿರಬೇಕು. ಏನನ್ನು ಹುಡುಕುತ್ತೇವೆ, ಯಾಕೆ ಇಲ್ಲಿದೆ ಅಂದುಕೊಂಡಿದ್ದೇವೆ ಎಂಬುದನ್ನು ಶೋಧಕ್ಕೆ ಮೊದಲೇ ಕೇಸ್ ಡೈರಿಯಲ್ಲಿ ಬರೆಯಬೇಕು. ಶೋಧದ ವಿಡಿಯೋ ಮಾಡಬೇಕು, ಮೊಬೈಲ್ ಆದರೂ ಸರಿ. ಇದು ಹೊಸ ಸಂಹಿತೆಯ ಸೇರ್ಪಡೆ, 105ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. 103ನೇ ಸೆಕ್ಷನ್ ಪ್ರಕಾರ ಊರಿನ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಗಳು, ಇರಬೇಕು. ಮನೆಯವರು ಶೋಧದ ಉದ್ದಕ್ಕೂ ಜೊತೆಗಿರಬಹುದು. ಸಿಕ್ಕ ವಸ್ತುಗಳ ಪಟ್ಟಿ ಮಾಡಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಬರೆದಿಟ್ಟ ಕಾರಣಗಳ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಖರಕ್ ಸಿಂಗ್ ಮನೆಗೆ ಬಂದವರ ಕೈಯಲ್ಲಿ ಇದರಲ್ಲಿ ಯಾವುದಿತ್ತು? ಯಾವುದೂ ಇಲ್ಲ. ಕೇಸಿಲ್ಲ, ತನಿಖೆ ಇಲ್ಲ, ಹುಡುಕುವ ವಸ್ತು ಇಲ್ಲ, ಬರೆದ ಕಾರಣ ಇಲ್ಲ. ಅವನು ಯಾರು ಎಂಬುದೇ ಕಾರಣ. ಕಾನೂನು ಕೇಳುವುದು ಈ ಮನೆಗೆ, ಈ ಹೊತ್ತಿಗೆ, ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು. ಒಬ್ಬನ ಹೆಸರು ಒಂದು ಪಟ್ಟಿಯಲ್ಲಿದೆ ಎನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ.

ಇನ್ನು ಕಣ್ಣೆದುರೇ ಅಪರಾಧ ನಡೆಯುವ ಸಂದರ್ಭ. ಒಳಗಿನಿಂದ ಕಾಪಾಡಿ ಎಂಬ ಕೂಗು ಬಂದರೆ ಪೊಲೀಸರು ವಾರಂಟಿಗಾಗಿ ಕಾಯುತ್ತಾ ನಿಲ್ಲಬೇಕಿಲ್ಲ. ಗಂಭೀರ ಅಪರಾಧ ತಡೆಯುವುದು 168ನೇ ಸೆಕ್ಷನ್ ಪ್ರಕಾರ ಅವರ ಕರ್ತವ್ಯ. ಗಾಂಜಾ, ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ಬೇರೆ ಲೆಕ್ಕ. ಅದರ 42ನೇ ಸೆಕ್ಷನ್ ಹಗಲಿಗೂ ರಾತ್ರಿಗೂ ಗೆರೆ ಎಳೆಯುತ್ತದೆ. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಒಳಗೆ ಹೋಗಬೇಕಾದರೆ ಅಧಿಕಾರಿ ಅದಕ್ಕೂ ಪ್ರತ್ಯೇಕ ಕಾರಣ ಬರೆಯಬೇಕು.

ನಿಯಮ ಮುರಿದು ಬಂದರೆ ಏನು

ಇಲ್ಲಿ ನಮ್ಮ ಕಾನೂನು ಮನೆಯವರ ಪರ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಖರಕ್ ಸಿಂಗ್ ತೀರ್ಪಿಗೆ ಮೊದಲೇ, ರಾಜಸ್ಥಾನದ ರೆಹಮಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಮಾತು ಹೇಳಿತ್ತು. ಅಬಕಾರಿ ಸುಂಕದ ಅಧಿಕಾರಿಗಳು ತಂಬಾಕಿನ ವಿಷಯದಲ್ಲಿ ಮನೆ ಶೋಧಕ್ಕೆ ಹೋದಾಗ ಅಡ್ಡಿಯಾಯಿತು. ಕಾರಣ ಬರೆದಿಡದೆ ಮಾಡಹೊರಟ ಶೋಧ ಕಾನೂನುಬದ್ಧವಲ್ಲ, ಹಾಗಾಗಿ ಅದಕ್ಕೆ ಅಡ್ಡಿ ಮಾಡಿದ್ದಕ್ಕೆ ಶಿಕ್ಷೆ ನಿಲ್ಲದು ಎಂದು ಕೋರ್ಟ್ ಹೇಳಿತು. ಆದರೆ ಇನ್ನೊಂದು ಕಡೆ, 1973ರ ಪೂರನ್ ಮಲ್ ತೀರ್ಪಿನ ಪ್ರಕಾರ ತಪ್ಪಾಗಿ ನಡೆದ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನೂ ಕೋರ್ಟ್ ಬಳಸಬಹುದು. ಅಂದರೆ ನಿಯಮ ಮುರಿದರೂ ಪೊಲೀಸರ ಕೇಸಿಗೆ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ. ಬೇಲಿ ಇದೆ, ಹಾರಿದವರಿಗೆ ನಷ್ಟ ಕಡಿಮೆ. ಪುಟ್ಟಸ್ವಾಮಿ ತೀರ್ಪಿನ ಬೆಳಕಿನಲ್ಲಿ ಇದನ್ನು ಸುಪ್ರೀಂ ಕೋರ್ಟ್ ಮತ್ತೆ ನೋಡಬೇಕು. ಮನೆಯ ಹಕ್ಕು ಮೂಲಭೂತ ಎಂದ ಮೇಲೆ ಅದನ್ನು ಮುರಿದು ತಂದ ಸಾಕ್ಷ್ಯಕ್ಕೆ ಕೋರ್ಟಿನಲ್ಲಿ ಇಷ್ಟು ಸುಲಭದ ಜಾಗ ಇರಬಾರದು.

ಈ ಕಾರಣಕ್ಕೇ ಬಾಗಿಲಲ್ಲಿ ಜಗಳಕ್ಕೆ ಇಳಿಯಬೇಡಿ ಎಂದು ವಕೀಲರು ಹೇಳುವುದು. ಸರ್ಕಾರಿ ನೌಕರ ಒಳ್ಳೆಯ ಉದ್ದೇಶದಿಂದ ಕೆಲಸ ಮಾಡುತ್ತಿದ್ದರೆ, ಅದು ಕಾನೂನಿಗೆ ಪೂರ್ತಿ ಹೊಂದದಿದ್ದರೂ, ಜೀವಕ್ಕೋ ದೊಡ್ಡ ಗಾಯಕ್ಕೋ ಭಯ ಇಲ್ಲದಿರುವಾಗ ಆತ್ಮರಕ್ಷಣೆ ಎಂದು ಕೈ ಮಾಡುವಂತಿಲ್ಲ. ಕೈ ಎತ್ತಿದರೆ ಕರ್ತವ್ಯಕ್ಕೆ ಅಡ್ಡಿ ಎಂಬ ಹೊಸ ಕೇಸು ಬೀಳುತ್ತದೆ. 'ಸಾರ್, ಯಾವ ಕೇಸು? ಕ್ರೈಂ ನಂಬರ್ ಏನು? ಏನು ಹುಡುಕ್ತಿದ್ದೀರಿ?' ಎಂದು ಸಮಾಧಾನವಾಗಿ ಕೇಳುವುದು, ಬಂದವರ ಹೆಸರು, ಹೊತ್ತು ಬರೆದಿಡುವುದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ಓದದೆ ಮಹಜರಿಗೆ (ಶೋಧದ ದಾಖಲೆಗೆ) ಸಹಿ ಹಾಕಬೇಡಿ. ಪೊಲೀಸರು ಬಂದಾಗ ನಾವು ಕುರ್ಚಿ ಹಾಕುತ್ತೇವೆ, ನೀರು ಕೊಡುತ್ತೇವೆ. ಅದು ನಮ್ಮ ರೂಢಿ. ಅದರ ಅರ್ಥ ಬೀರು ತೆಗೆದು ನೋಡಿ ಎಂದಲ್ಲ.

ಇದೆಲ್ಲ ಹಳೆಯ ಕಥೆ ಅಂದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ವಿ.ಜಿ. ಅರುಣ್ ಮುಂದೆ ಇಂಥದ್ದೇ ಕೇಸು ಬಂತು. ನಿಗಾದಲ್ಲಿದ್ದ ಒಬ್ಬನ ಮನೆಗೆ ಮಧ್ಯರಾತ್ರಿ ದಾಟಿದ ಮೇಲೆ ಪೊಲೀಸರು ಬಂದರು. ಅವನು ಬಾಗಿಲು ತೆರೆಯಲಿಲ್ಲ. ಕರ್ತವ್ಯಕ್ಕೆ ಅಡ್ಡಿ ಎಂದು ಅವನ ಮೇಲೆಯೇ ಕೇಸು ಹಾಕಿದರು. ಹೈಕೋರ್ಟ್ ಆ ಕೇಸನ್ನು ರದ್ದು ಮಾಡಿತು. ನಿಗಾ ಇಡುವ ನೆಪದಲ್ಲಿ ನಡುರಾತ್ರಿ ಬಾಗಿಲು ಬಡಿಯುವ ಅಧಿಕಾರ ಪೊಲೀಸರಿಗಿಲ್ಲ ಎಂದಿತು. ಆಧಾರವಾಗಿ ಹಿಡಿದ ತೀರ್ಪುಗಳಲ್ಲಿ ಖರಕ್ ಸಿಂಗ್ ಕೂಡ ಇತ್ತು.

ನಮ್ಮ ರಾಜ್ಯದಲ್ಲಿ ಹಿಸ್ಟರಿ ಶೀಟಿನ ಜಾಗದಲ್ಲಿ ಜನರ ಬಾಯಲ್ಲಿರುವುದು ರೌಡಿ ಶೀಟ್. ಅದನ್ನು ತೆರೆಯುವ, ಮುಚ್ಚುವ ಕ್ರಮ ಇರುವುದು ಕರ್ನಾಟಕ ಪೊಲೀಸ್ ಕೈಪಿಡಿಯಲ್ಲಿ. ಬೆಳ್ಳಂಬೆಳಗ್ಗೆ ರೌಡಿಗಳ ಮನೆ ಮೇಲೆ ದಾಳಿ ಎಂಬ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಓದಿದವರಿಗೆ ಒಳ್ಳೆಯದಾಯಿತು ಅನ್ನಿಸುತ್ತದೆ. ನಿಜವಾದ ಕೇಸಿನ ತನಿಖೆಗೆ, ಕಾರಣ ಬರೆದಿಟ್ಟು ಹೋಗಿದ್ದರೆ ಅದು ಸರಿಯೇ. ಆದರೆ ಬರೀ ಶೀಟಿನಲ್ಲಿ ಹೆಸರಿದೆ ಎಂದು ಇಪ್ಪತ್ತು ಮನೆಗಳನ್ನು ಒಂದೇ ಬೆಳಗ್ಗೆ ಜಾಲಾಡಿದ್ದರೆ, ಪ್ರತಿ ಮನೆಗೂ ಬೇರೆ ಬೇರೆ ಕಾರಣ ಬರೆದಿದ್ದಾರಾ ಎಂದು ಕೇಳಬೇಕಾಗುತ್ತದೆ. ಆ ಮನೆಗಳಲ್ಲಿ ಪರೀಕ್ಷೆಗೆ ಓದುತ್ತಿರುವ ಮಕ್ಕಳಿರುತ್ತಾರೆ. ಕೇಸು ಬಿದ್ದು ಖುಲಾಸೆಯಾಗಿ, ಶೀಟು ಮಾತ್ರ ಮುಚ್ಚದೆ ಉಳಿದವರೂ ಇರುತ್ತಾರೆ.

ಶೋಧ ನಡೆದ ಮನೆಯವರು ಮಾಡಬಹುದಾದ, ಬಹಳ ಜನರಿಗೆ ಗೊತ್ತಿಲ್ಲದ ಕೆಲಸವೊಂದಿದೆ. ಪೊಲೀಸರು ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಿದ ಕಾರಣಗಳ ಪ್ರತಿಯನ್ನು ಮನೆಯ ಮಾಲೀಕರಾಗಲಿ, ಬಾಡಿಗೆಗೆ ಇರುವವರಾಗಲಿ ಅರ್ಜಿ ಕೊಟ್ಟು ಪಡೆಯಬಹುದು. ದುಡ್ಡು ಕೊಡಬೇಕಿಲ್ಲ. 185ನೇ ಸೆಕ್ಷನ್ನೇ ಹಾಗೆ ಹೇಳುತ್ತದೆ. ಪ್ರತಿ ಸಿಕ್ಕರೆ ಕಾರಣ ಏನಿತ್ತು ಎಂದು ಗೊತ್ತಾಗುತ್ತದೆ. ಅಂಥ ದಾಖಲೆಯೇ ಮ್ಯಾಜಿಸ್ಟ್ರೇಟರಿಗೆ ಹೋಗಿಲ್ಲ ಎಂದಾದರೆ, ಹೈಕೋರ್ಟಿನ ರಿಟ್ ಅರ್ಜಿಗೆ, ಮಾನವ ಹಕ್ಕುಗಳ ಆಯೋಗದ ದೂರಿಗೆ, ಪೊಲೀಸ್ ದೂರು ಪ್ರಾಧಿಕಾರದ ದೂರಿಗೆ ಅದೇ ಮೊದಲ ಸಾಕ್ಷಿ.